ಮೆಂಫಿಸಿನ ಹಾಡುಮನೆ

ಅಮೆರಿಕದ ಮೆಂಫಿಸ್ ನಗರದಲ್ಲಿ ಜಿಮ್ ಸ್ಟೀವರ್ಟ್, ಅವನ ಅಕ್ಕ ಎಸ್ಟೆಲ್ ಆಕ್ಸ್‌ಟನ್ ಎಂಬ ಬಿಳಿಯರಿಬ್ಬರು 1960ರಲ್ಲಿ ಹಳೆಯ ಚಿತ್ರಮಂದಿರವೊಂದನ್ನು ಬಾಡಿಗೆಗೆ ಹಿಡಿದು ಧ್ವನಿಮುದ್ರಣ ಆರಂಭಿಸಿದರು. ಅದೇ ಮುಂದೆ 'ಸ್ಟ್ಯಾಕ್ಸ್' ಎನಿಸಿತು. ಮಿಠಾಯಿ ಮಾರುತ್ತಿದ್ದೆಡೆ ಅಕ್ಕ ಗ್ರಾಮಫೋನ್ ತಟ್ಟೆಗಳ ಅಂಗಡಿಯಿಟ್ಟಳು. ಕೇರಿಯ ಕಪ್ಪು ಹುಡುಗರು ಯಾವ ಹಾಡಿಗೆ ತಲೆದೂಗುವರೆಂದು ಗಮನಿಸುವಳು. ಸೋಲ್ ಸಂಗೀತದ ನಿಜವಾದ ವಿಮರ್ಶಕರು ಆ ಗಿರಾಕಿಗಳೇ ಎಂದು ನನ್ನ ಎಣಿಕೆ.

ವರ್ಣಭೇದದ ಆ ಊರಿನಲ್ಲಿ ಬುಕರ್ ಟಿ. ಜೋನ್ಸನ ತಂಡದ ಇಬ್ಬರು ಕರಿಯರೂ ಇಬ್ಬರು ಬಿಳಿಯರೂ ಒಟ್ಟಿಗೆ ಕುಳಿತು ನುಡಿಸಿದರು. ಹಾಡುಗಾರರು ತಂಗುತ್ತಿದ್ದುದು ಲೊರೇನ್ ಮೋಟೆಲಿನಲ್ಲಿ. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಗುಂಡಿಗೆ ಬಲಿಯಾದದ್ದೂ ಅಲ್ಲಿಯೇ. ಆಮೇಲೆ ಹಳೆಯ ಸಲಿಗೆ ಉಳಿಯಲಿಲ್ಲ. 1975ರಲ್ಲಿ ಸಂಸ್ಥೆ ದಿವಾಳಿಯೆದ್ದಿತು. 1989ರಲ್ಲಿ ಕಟ್ಟಡವನ್ನೂ ಕೆಡವಿದರು. ಅದೇ ಜಾಗದಲ್ಲಿ, ಅದೇ ಮಾದರಿಯಲ್ಲಿ, 2003ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಪಕ್ಕದ ಶಾಲೆಯಲ್ಲಿ ಮಕ್ಕಳು ಆ ಹಾಡುಗಳನ್ನು ಕಲಿಯುತ್ತಿದ್ದಾರೆ.