ಬಿದ್ದವರು ಮತ್ತು ಸಭೆಯ ಸಮಾಧಾನ

ಪಾಪಗಳ ಕ್ಷಮಾಪಣೆಯನ್ನು ನಂಬುತ್ತೇವೆಂದು ನಾವು ಆರಾಧನೆಯಲ್ಲಿ ಅರಿಕೆಮಾಡುತ್ತೇವೆ. ಆದರೆ ಪಶ್ಚಾತ್ತಾಪಪಟ್ಟು ಮರಳಿ ಬಂದವನ ಹಿಂದಿನ ತಪ್ಪನ್ನು ಸಭೆಯು ಏನು ಮಾಡಬೇಕು? ನಡೆದೇ ಇಲ್ಲವೆಂಬಂತೆ ಇರಬೇಕೋ, ಜೀವಮಾನವೆಲ್ಲ ಎಣಿಕೆಗೆ ತೆಗೆದುಕೊಳ್ಳಬೇಕೋ? ಮೂರನೆಯ ಶತಮಾನದಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜ್ ಸಭೆಯು ಈ ಪ್ರಶ್ನೆಯನ್ನು ಬಹು ವೇದನೆಯಿಂದ ಎದುರಿಸಿತು.

ಕ್ರಿ.ಶ. 249ರಲ್ಲಿ ಪಟ್ಟಕ್ಕೆ ಬಂದ ಚಕ್ರವರ್ತಿ ಡೀಸಿಯಸನು ಸಾಮ್ರಾಜ್ಯದ ಪ್ರಜೆಗಳು ರೋಮಿನ ದೇವತೆಗಳಿಗೆ ಬಲಿಯರ್ಪಿಸಬೇಕೆಂದು ಆಜ್ಞಾಪಿಸಿದನು. ಅಧಿಕಾರಿಗಳ ಮುಂದೆ ಪಾನದ್ರವ್ಯವನ್ನು ಹೊಯ್ದು, ಬಲಿಯ ಮಾಂಸವನ್ನು ತಿಂದವರಿಗೆ ಪ್ರಮಾಣಪತ್ರ ದೊರೆಯುತ್ತಿತ್ತು. ಅಂಥ 40ಕ್ಕೂ ಹೆಚ್ಚು ಪತ್ರಗಳು ಈಜಿಪ್ಟಿನಲ್ಲಿ ದೊರೆತಿವೆ. ಕಾರ್ಥೇಜಿನ ಕ್ರೈಸ್ತರಲ್ಲಿ ಅನೇಕರು ಯಾರೂ ಎಳೆದೊಯ್ಯುವ ಮುನ್ನವೇ ಬಲಿಪೀಠಕ್ಕೆ ಓಡಿದರೆಂದು ಬಿಷಪ ಸಿಪ್ರಿಯನನು ದುಃಖದಿಂದ ಬರೆದಿದ್ದಾನೆ. ಇನ್ನು ಕೆಲವರು ಬಲಿಯರ್ಪಿಸದೆ ಹಣ ಕೊಟ್ಟು ಪತ್ರವನ್ನು ಮಾತ್ರ ಪಡೆದರು. ಸಿಪ್ರಿಯನನಾದರೋ ನಗರವನ್ನು ಬಿಟ್ಟು ಮರೆಯಲ್ಲಿದ್ದು, ಪತ್ರಗಳ ಮೂಲಕ ಸಭೆಯನ್ನು ನಡೆಸಿದನು. ಕುರುಬನೇ ಓಡಿಹೋದನೆಂಬ ನಿಂದೆಯನ್ನು ಅವನು ಹೊರಬೇಕಾಯಿತು.

ಹಿಂಸೆ ತಗ್ಗಿದಾಗ ಬಿದ್ದವರು ಸಭೆಯ ಬಾಗಿಲಿಗೆ ಬಂದರು. ಅವರ ಮುಂದೆ ಎರಡು ದಾರಿಗಳು ಕಾಣುತ್ತಿದ್ದವು. ಸೆರೆಯಲ್ಲಿ ವಿಶ್ವಾಸವನ್ನು ಅರಿಕೆಮಾಡಿದ ಕೆಲವರು ‘ಇವನೂ ಇವನವರೂ’ ಎಂದು ಹೆಸರೇ ಇಲ್ಲದೆ ಸಮಾಧಾನದ ಪತ್ರಗಳನ್ನು ಬರೆದುಕೊಟ್ಟಿದ್ದರು. ರೋಮಿನಲ್ಲಿ ನೊವಾಟಿಯನನು, ಬಿದ್ದವರಿಗೆ ಸಮಾಧಾನ ಕೊಡುವ ಅಧಿಕಾರ ಸಭೆಗಿಲ್ಲವೆಂದು ವಾದಿಸಿ ಪ್ರತ್ಯೇಕ ಪಂಗಡಕ್ಕೆ ಬಿಷಪನಾದನು. ಒಂದು ದಾರಿಯಲ್ಲಿ ತಪ್ಪಿಗೆ ತೂಕವಿರಲಿಲ್ಲ. ಇನ್ನೊಂದರಲ್ಲಿ ತಪ್ಪಿಗೆ ಕೊನೆಯಿರಲಿಲ್ಲ.

251ರಲ್ಲಿ ಕಾರ್ಥೇಜಿನಲ್ಲಿ ಕೂಡಿದ ಬಿಷಪರು ಇವೆರಡನ್ನೂ ಒಪ್ಪಲಿಲ್ಲ. ಪ್ರತಿಯೊಬ್ಬನ ವಿಷಯವನ್ನು ಬೇರೆಬೇರೆಯಾಗಿ ವಿಚಾರಿಸಬೇಕೆಂದರು. ತಾನಾಗಿ ಓಡಿಹೋಗಿ ಬಲಿಯರ್ಪಿಸಿದವನೂ ಬಹುಕಾಲ ಹೋರಾಡಿ ಸೋತವನೂ ಒಂದೇ ಅಲ್ಲ. ಹೆಂಡತಿ ಮಕ್ಕಳನ್ನೂ ತನ್ನೊಡನೆ ಎಳೆದೊಯ್ದವನೂ, ಅವರನ್ನು ಕಾಪಾಡಲು ತಾನೊಬ್ಬನೇ ಹೋದವನೂ ಒಂದೇ ಅಲ್ಲವೆಂದು ಸಿಪ್ರಿಯನನು ವಿವರಿಸಿದನು. ಪತ್ರ ಮಾತ್ರ ಪಡೆದು ಪಶ್ಚಾತ್ತಾಪಪಟ್ಟವರನ್ನು ಸೇರಿಸಿಕೊಳ್ಳಲಾಯಿತು. ಬಲಿಯರ್ಪಿಸಿದವರಿಗೆ ದೀರ್ಘ ಪ್ರಾಯಶ್ಚಿತ್ತವನ್ನೂ, ಮರಣಸಮಯದಲ್ಲಿ ಸಮಾಧಾನವನ್ನೂ ವಿಧಿಸಲಾಯಿತು.

ನಮ್ಮನ್ನು ವಿಶೇಷವಾಗಿ ತಡೆದು ನಿಲ್ಲಿಸುವುದು ಮುಂದಿನ ಸಂಗತಿ. ಚಕ್ರವರ್ತಿ ಗಾಲಸನ ಕಾಲದಲ್ಲಿ ಹಿಂಸೆ ಮತ್ತೆ ಸಮೀಪಿಸಿದಾಗ, ಅದುವರೆಗೆ ಸಭೆಯನ್ನು ಬಿಡದೆ ಕಣ್ಣೀರಿನಿಂದ ಕಾದಿದ್ದವರೆಲ್ಲರಿಗೂ ಬಿಷಪರು ಕೂಡಲೇ ಸಮಾಧಾನವನ್ನು ಕೊಟ್ಟರು. ಕ್ರಿಸ್ತನಿಗಾಗಿ ರಕ್ತ ಸುರಿಸಬೇಕಾದವರಿಗೆ ಕ್ರಿಸ್ತನ ರಕ್ತದ ಪಾತ್ರೆಯನ್ನು ಹೇಗೆ ನಿರಾಕರಿಸುವುದೆಂಬುದು ಅವರ ವಾದವಾಗಿತ್ತು. ಕ್ಷಮೆಯು ಇಲ್ಲಿ ಮುಗಿದ ಶಿಕ್ಷೆಯ ಕೊನೆಯ ರಸೀದಿಯಲ್ಲ. ಬರಲಿರುವ ಶೋಧನೆಗೆ ಬೇಕಾದ ಆಹಾರ. ಒಮ್ಮೆ ಬಿದ್ದವನು ಮುಂದೆ ನಿಲ್ಲಬಲ್ಲನೆಂದು ಸಭೆಯು ನಂಬಿತು.

258ರ ಸೆಪ್ಟೆಂಬರ್ 14ರಂದು ಸಿಪ್ರಿಯನನು ಶಿರಚ್ಛೇದನಕ್ಕೆ ಒಳಗಾದನು. ತನ್ನ ಸಭೆಯವರ ನಡುವೆಯೇ, ಕಾರ್ಥೇಜಿನಲ್ಲಿಯೇ ಸಾಯಬೇಕೆಂಬುದು ಅವನ ಬಯಕೆಯಾಗಿತ್ತು. ಅಂದು ಅವನನ್ನು ಹಿಂಬಾಲಿಸಿದ ಜನಸಮೂಹದಲ್ಲಿ, ಹಿಂದೆ ಬಿದ್ದು ಸಮಾಧಾನ ಪಡೆದವರೂ ಇದ್ದಿರಬಹುದು.

ನಮ್ಮ ಸಭೆಗಳಲ್ಲಿಯೂ ಶಿಸ್ತುಕ್ರಮ ಮುಗಿದು ವರ್ಷಗಳಾದ ಮೇಲೂ ಹಳೆಯ ತಪ್ಪಿನ ಹೆಸರಿನಿಂದಲೇ ಗುರುತಿಸಲ್ಪಡುವವರಿದ್ದಾರೆ. ಅವರನ್ನು ಕರ್ತನ ಮೇಜಿಗೆ ಕರೆದಿದ್ದೇವೆ, ನಿಜ. ಆದರೆ ಅವರು ನಿಲ್ಲಬಲ್ಲರೆಂದು ನಂಬಿ, ಸೇವೆಯ ಹೊಣೆಯನ್ನು ಒಪ್ಪಿಸಿದ್ದೇವೆಯೇ?