ಊಟದ ರುಚಿ ನಾಲಿಗೆಯಲ್ಲಷ್ಟೇ ಇಲ್ಲ

ಮನೆಯಿಂದಲೇ ಕೆಲಸ ಮಾಡುವ ದಿನ ನನ್ನ ಮಧ್ಯಾಹ್ನದ ಊಟ ಲ್ಯಾಪ್‌ಟಾಪ್ ಮುಂದೆಯೇ. ಒಮ್ಮೆ ಮೀಟಿಂಗ್ ಮುಗಿಸಿ ನೋಡಿದರೆ ತಟ್ಟೆ ಖಾಲಿ! ಉಂಡಿದ್ದು ಹುಳಿಯೋ ಸಾರೋ, ಅದೂ ನೆನಪಾಗಲಿಲ್ಲ. ಹಾಗಾದರೆ ರುಚಿ ಎಲ್ಲಿ ಹೋಯಿತು?

ಉತ್ತರದ ಸುಳಿವು ಸುಮಾರು ಒಂಬೈನೂರು ವರ್ಷ ಹಳೆಯ ಗ್ರಂಥವೊಂದರಲ್ಲಿದೆ. ಕಲ್ಯಾಣದಿಂದ, ಅಂದರೆ ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ರಚಿಸಿದ. ಅದರ ‘ಅನ್ನಭೋಗ’ ಭಾಗದಲ್ಲಿ ಇಡ್ಲಿಯ ಪೂರ್ವಜ ಎನ್ನಲಾಗುವ, ಉದ್ದಿನಿಂದ ಮಾಡುವ ‘ಇಡ್ಡರಿಕಾ’ ಕೂಡ ಇದೆ. ಆದರೆ ಮಾತು ಅಡುಗೆಗೇ ನಿಲ್ಲುವುದಿಲ್ಲ. ಅರಸನಿಗೆ ಮೆತ್ತನೆಯ ಆಸನ, ಮಡಿಲ ಮೇಲೆ ಬಿಳಿ ವಸ್ತ್ರ, ಚಿನ್ನದ ತಟ್ಟೆ, ಬಟ್ಟಲುಗಳು. ಕುಡಿಯುವ ನೀರಿಗೆ ಬೇರೆಯೇ ಭಾಗವಿದ್ದು, ನೀರಿಗೆ ಪರಿಮಳ ಕೂಡಿಸುವುದನ್ನೂ ಹೇಳಿದೆ. ಊಟವೆಂದರೆ ಹೊಟ್ಟೆ ತುಂಬಿಸುವುದಲ್ಲ, ಕಣ್ಣು, ಮೂಗು, ಚರ್ಮ ಎಲ್ಲವೂ ಅನುಭವಿಸುವ ‘ಭೋಗ’.

ವಿಜ್ಞಾನ ಇದಕ್ಕೆ ಕಿವಿಯನ್ನೂ ಸೇರಿಸಿತು. ಜಾಂಪಿನಿ ಮತ್ತು ಆಕ್ಸ್‌ಫರ್ಡಿನ ಚಾರ್ಲ್ಸ್ ಸ್ಪೆನ್ಸ್ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಲೂಗಡ್ಡೆ ಚಿಪ್ಸ್ ಕಚ್ಚಿದವರಿಗೆ ಅವರದೇ ಸದ್ದನ್ನು ಹೆಡ್‌ಫೋನಿನಲ್ಲಿ ಜೋರಾಗಿ ಕೇಳಿಸಲಾಯಿತು. ಆಗ ಅಂಥದೇ ಚಿಪ್ಸ್ ಹೆಚ್ಚು ಗರಿಗರಿ, ಹೆಚ್ಚು ತಾಜಾ ಎನಿಸಿತು!

ಇದನ್ನು ಓದುವಾಗ ನನಗೆ ಅಜ್ಜಿ ನೆನಪಾದಳು. ಎಲ್ಲರ ಎಲೆಗೂ ಬಿಸಿ ಹಪ್ಪಳ ಹಾಕುತ್ತಿದ್ದವಳು ಅವಳೇ. ಎಲ್ಲರೂ ಎದ್ದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಒಬ್ಬಳೇ ಕೂತು, ಆರಿದ ಅನ್ನದ ಜೊತೆ ಮೆತ್ತಗಾದ ಹಪ್ಪಳ ತಿನ್ನುತ್ತಿದ್ದಳು. ಅದೇ ಅಡುಗೆ, ಅದೇ ಕೈರುಚಿ. ಆದರೆ ನಾವು ಉಂಡ ಊಟವನ್ನು ಅವಳು ಒಂದು ದಿನವೂ ಉಣ್ಣಲಿಲ್ಲ. ಅರಸನ ಆಸನ ಗ್ರಂಥದಲ್ಲಿ ದಾಖಲಾಯಿತು. ಬೇಯಿಸಿ ಬಡಿಸಿದ ಇಂಥ ಕೈಗಳು ಎಲ್ಲಿ ಕೂತು ಉಂಡವೆಂದು ಯಾರು ಬರೆದರು?

ಅಜ್ಜಿಗೆ ಆಯ್ಕೆ ಇರಲಿಲ್ಲ. ನನಗಿದೆ. ಸ್ವಂತ ದುಡಿಮೆ, ಸ್ವಂತ ಡೈನಿಂಗ್ ಟೇಬಲ್ ಇದ್ದೂ ನಾನು ಸ್ಕ್ರೀನ್ ಮುಂದೆ ಆರಿದ ಅನ್ನ ನುಂಗುತ್ತಿದ್ದೆ!

ಈಗ ಊಟದ ಅರ್ಧ ಗಂಟೆಯನ್ನು ಆಫೀಸ್ ಕ್ಯಾಲೆಂಡರಿನಲ್ಲಿ ಬ್ಲಾಕ್ ಮಾಡಿದ್ದೇನೆ. ಭಾನುವಾರ ಹಪ್ಪಳವನ್ನು ಮೊದಲೇ ಕರಿದು ಡಬ್ಬಿಗೆ ಹಾಕಿಟ್ಟು, ಪಾತ್ರೆಗಳನ್ನೆಲ್ಲ ಟೇಬಲ್ಲಿಗೆ ತಂದು, ಅಮ್ಮನೂ ನಾನೂ ಎಲ್ಲರ ಜೊತೆಗೇ ಕೂರುತ್ತೇವೆ. ಗೆಳತಿಯರೇ, ನೀವೂ ಕೂತು ನೋಡಿ. ನಿಮ್ಮ ಕೈ ಅಡುಗೆ ಎಷ್ಟು ರುಚಿ ಎಂದು ನಿಮಗೇ ಗೊತ್ತಾಗುತ್ತದೆ.