ತಲೆಹೊರೆ ಮತ್ತು ರಹದಾರಿ

ಮೈಸೂರು ಸೀಮೆಯ ಕಾಡಿನ ಚರಿತ್ರೆಯನ್ನು ಹೆಚ್ಚಾಗಿ ಇಬ್ಬರು ಬರೆದಿದ್ದಾರೆ. ಒಬ್ಬರು ಅರಣ್ಯ ಇಲಾಖೆಯವರು, ಇನ್ನೊಬ್ಬರು ಪರಿಸರವಾದಿಗಳು. ಇಲಾಖೆಯವರಿಗೆ ಹಳ್ಳಿಯವನು ಕಾಡು ಕಡಿಯುವ ಕಳ್ಳ. ಪರಿಸರವಾದಿಗಳಿಗೆ ಅದೇ ಹಳ್ಳಿಯವನು ಕಾಡನ್ನು ದೇವರೆಂದು ಕಾಪಾಡಿಕೊಂಡು ಬಂದವನು. ಈ ಎರಡು ಮಾತುಗಳಲ್ಲೂ ಹಳ್ಳಿಯವನಿಗೆ ಜಾತಿ ಇಲ್ಲ. ಅವನು ಊರಿನವನೋ ಕೇರಿಯವನೋ, ಅವನ ಹೆಸರಿಗೆ ಪಹಣಿ ಇದೆಯೋ ಇಲ್ಲವೋ, ಕಾಡಿಗೆ ಎತ್ತಿನ ಗಾಡಿ ಹೂಡಿಕೊಂಡು ಹೋಗುತ್ತಾನೋ ಅಥವಾ ಹೆಂಡತಿ ತಲೆಯ ಮೇಲೆ ಸಿಂಬೆ ಇಟ್ಟುಕೊಂಡು ಹೋಗುತ್ತಾಳೋ, ಇದನ್ನು ಕೇಳುವವರು ಕಡಿಮೆ. ದಲಿತ ವಿಮರ್ಶೆ ಎಂದರೆ ಕತೆ, ಕವಿತೆ ಓದುವುದಷ್ಟೇ ಅಲ್ಲ. ಸರ್ಕಾರದ ಕಡತವೂ ಒಂದು ಪಠ್ಯ, ಅದನ್ನೂ ಕೇರಿಯ ಕಣ್ಣಿನಿಂದ ಓದಬೇಕು ಎಂದು ನಂಬಿರುವವನು ನಾನು. ಆದ್ದರಿಂದ ಇಲ್ಲಿ ಒಂದು ಸಣ್ಣ ಕಾಗದವನ್ನು ಓದಲು ಹೊರಟಿದ್ದೇನೆ: ಮನೆಬಳಕೆಗೆ ಸೌದೆ ತರಲು ಸರ್ಕಾರ ಕೊಡುವ ಪರವಾನಗಿ.

ಸೌದೆಯ ಲೆಕ್ಕದಲ್ಲಿ ಹಳೆಯ ಕಾಲದಿಂದಲೂ ಎರಡು ಅಳತೆಗಳಿವೆ. ಒಂದು ಗಾಡಿಹೊರೆ, ಇನ್ನೊಂದು ತಲೆಹೊರೆ. ಗಾಡಿಹೊರೆಗೆ ಗಾಡಿ ಬೇಕು, ಎತ್ತು ಬೇಕು, ಎತ್ತಿಗೆ ಮೇವು ಬೇಕು, ಮೇವಿಗೆ ಹೊಲ ಬೇಕು. ತಲೆಹೊರೆಗೆ ತಲೆಯೊಂದಿದ್ದರೆ ಸಾಕು. ಸೇರು, ಮಣದ ಹಾಗೆ ಮನುಷ್ಯರ ತಲೆಯೂ ಇಲ್ಲಿ ಅಳತೆಯ ಪಾತ್ರೆ. ೧೯೭೦ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಆಜ್ಞೆಯಾಯಿತು. ತಲೆ ಮನುಷ್ಯನ ಮಾನದ ಜಾಗ ಎಂಬುದನ್ನು ಸರ್ಕಾರ ಒಪ್ಪಿದ ಗಳಿಗೆ ಅದು. ಸೌದೆಯ ತಲೆಹೊರೆಯನ್ನು ಮಾತ್ರ ಬಡವರಿಗೆ ಕೊಟ್ಟ ‘ಸವಲತ್ತು’ ಎಂದೇ ನಾವು ಇಂದಿಗೂ ಓದುತ್ತಿದ್ದೇವೆ.

ಈ ಸವಲತ್ತು ಎಂಬ ಮಾತಿನ ಚರಿತ್ರೆ ನೋಡಬೇಕು. ಮೈಸೂರಿನಲ್ಲಿ ಅರಣ್ಯ ಇಲಾಖೆ ಹುಟ್ಟಿದ್ದು ೧೮೬೪ರಲ್ಲಿ, ಬ್ರಿಟಿಷ್ ಕಮಿಷನರರ ಆಳ್ವಿಕೆಯಲ್ಲಿ. ೧೯೦೦ರಲ್ಲಿ ಮೈಸೂರು ಅರಣ್ಯ ರೆಗ್ಯುಲೇಷನ್ ಬಂತು. ಏಕೀಕರಣದ ನಂತರ ೧೯೬೩ರ ಕರ್ನಾಟಕ ಅರಣ್ಯ ಕಾಯಿದೆ, ೧೯೬೯ರ ನಿಯಮಗಳು. ಇವುಗಳ ಹೆಣಿಗೆ ಬ್ರಿಟಿಷ್ ಇಂಡಿಯಾದ ೧೮೭೮ರ ಕಾಯಿದೆಯದೇ. ಮೊದಲು ಕಾಡನ್ನು ಸರ್ಕಾರದ್ದು ಎಂದು ಪ್ರಕಟಿಸುವುದು. ಆಮೇಲೆ ‘ನಿಮಗೇನಾದರೂ ಹಕ್ಕಿದ್ದರೆ ಗಡುವಿನೊಳಗೆ ಹೇಳಿಕೊಳ್ಳಿ’ ಅನ್ನುವುದು. ಹೇಳಿಕೊಳ್ಳದವರ ಹಕ್ಕು ಅಳಿಸಿಹೋಯಿತು ಅನ್ನುವುದು. ಹಕ್ಕು ಅಳಿದ ಜಾಗದಲ್ಲಿ ಸವಲತ್ತು ಬರುತ್ತದೆ. ಹಕ್ಕನ್ನು ಕೋರ್ಟಿನಲ್ಲಿ ಕೇಳಬಹುದು. ಸವಲತ್ತನ್ನು ಕೈಮುಗಿದು ಕೇಳಬೇಕು.

ಹಕ್ಕನ್ನು ಬರೆದುಕೊಡಬೇಕು, ಇಲ್ಲವೇ ಅಧಿಕಾರಿಯ ಮುಂದೆ ಹಾಜರಾಗಿ ಹೇಳಬೇಕು. ಹಳ್ಳಿಯಲ್ಲಿ ಅಧಿಕಾರಿ ಕೂರುವುದು ಚಾವಡಿಯಲ್ಲಿ. ಚಾವಡಿಯ ಜಗಲಿ ಹತ್ತಲಾಗದವರು ಎಲ್ಲಿ ನಿಂತು ಏನು ಹೇಳಬೇಕಿತ್ತು? ಇದರ ವ್ಯಂಗ್ಯ ಇನ್ನೂ ಆಳವಾದದ್ದು. ಸರ್ಕಾರದ ಇಂಥ ಸುದ್ದಿಯನ್ನು ಊರಿಗೆ ಮುಟ್ಟಿಸಲು ಡಂಗುರ ಹೊಡೆಯುವವನು ತೋಟಿ, ಅಂದರೆ ನಮ್ಮವನೇ. ಹಕ್ಕಿದ್ದವರು ಬರ್ರಪ್ಪೋ ಎಂದು ಬೀದಿಬೀದಿಯಲ್ಲಿ ತಮಟೆ ಬಡಿದು ಸಾರಿದವನಿಗೆ ತನಗೂ ಒಂದು ಹಕ್ಕಿದೆ ಎಂದು ಹೇಳುವವರಿರಲಿಲ್ಲ.

ಕರ್ನಾಟಕದ ಬೇರೆ ಸೀಮೆಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ವಿಷಯ ಇನ್ನೂ ತಿಳಿಯಾಗುತ್ತದೆ. ಉತ್ತರ ಕನ್ನಡದ ಘಟ್ಟದ ಮೇಲಿನ ಅಡಿಕೆ ತೋಟದವರಿಗೆ ಸೊಪ್ಪಿನಬೆಟ್ಟವಿದೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಕಾಡು. ದಕ್ಷಿಣ ಕನ್ನಡದಲ್ಲಿ ವರ್ಗದಾರರ ಜಮೀನಿನ ಅಂಚಿನಿಂದ ನೂರು ಗಜದವರೆಗೆ ಕುಮ್ಕಿ. ಕೊಡಗಿನಲ್ಲಿ ಗದ್ದೆಗೆ ಅಂಟಿಕೊಂಡ ಬಾಣೆ. ಹೆಸರು ಬೇರೆ, ಸೂತ್ರ ಒಂದೇ: ಭೂಮಿ ಇದ್ದವನಿಗೆ ಅದರ ಬಾಲವಾಗಿ ಕಾಡು. ಅವರ ಸೊಪ್ಪು ಸೌದೆಯ ಅನುಕೂಲ ಜಮೀನಿನ ಜೊತೆಗೇ ಬರುತ್ತದೆ, ಮಗನಿಗೂ ಹೋಗುತ್ತದೆ. ಭೂಮಿ ಇಲ್ಲದವನ ತಲೆಹೊರೆ ಯಾವ ಸರ್ವೆ ನಂಬರಿಗೂ ಅಂಟಿಕೊಂಡಿಲ್ಲ. ಅದು ಗಾರ್ಡಿನ ಮರ್ಜಿಗೆ ಅಂಟಿಕೊಂಡಿದೆ.

ನಮ್ಮ ಬಯಲುಸೀಮೆಯಲ್ಲಿ ಏನಾಯಿತು? ನೆಲಮಂಗಲದ ಶಿವಗಂಗೆ, ದೊಡ್ಡಬಳ್ಳಾಪುರದ ಮಾಕಳಿದುರ್ಗದಂಥ ಕಡೆ ಬೆಟ್ಟ ಕಾಡು ಬಿಟ್ಟರೆ ಉಳಿದದ್ದು ಗೋಮಾಳ, ಗುಂಡುತೋಪು, ಖರಾಬು. ಗೋಮಾಳ ಊರಿಗೆಲ್ಲಾ ಸೇರಿದ್ದು ಎನ್ನುತ್ತಾರೆ. ೧೯೬೬ರ ಭೂಕಂದಾಯ ನಿಯಮಗಳಲ್ಲಿ ಗೋಮಾಳದ ಅಳತೆ ನೋಡಿ: ನೂರು ದನಕ್ಕೆ ಹನ್ನೆರಡು ಹೆಕ್ಟೇರು. ಲೆಕ್ಕ ಮಾಡಿದ್ದು ದನಗಳನ್ನು, ಒಲೆಗಳನ್ನಲ್ಲ. ದನ ಇಲ್ಲದ ಮನೆಯಲ್ಲೂ ಒಲೆ ಉರಿಯಬೇಕಲ್ಲ!

ಹಾಗಾದರೆ ಕಾಡು ತಿಂದವರು ಯಾರು? ದೊಡ್ಡಬಳ್ಳಾಪುರ, ಮಾಕಳಿದುರ್ಗದ ಮಗ್ಗುಲಲ್ಲಿ ಹಾದುಹೋಗುವ ರೈಲುಹಳಿ ೧೮೯೦ರ ದಶಕದ್ದು. ಆ ಕಾಲದ ಮೈಸೂರಿನ ಎಂಜಿನ್ನುಗಳು ಸೌದೆ ಉರಿಸುತ್ತಿದ್ದವು. ೧೯೦೨ರಲ್ಲಿ ಶಿವನಸಮುದ್ರದ ಕರೆಂಟು ಮುಟ್ಟುವವರೆಗೆ ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ತಿರುಗಿಸಿದ್ದು ಉಗಿ. ೧೯೨೩ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕುಲುಮೆಗೆ ಬೇಕಾದದ್ದು ಮರದ ಇದ್ದಿಲು. ೧೯೮೦ರ ದಶಕದಲ್ಲಿ ಭಾರತೀಯ ವಿಜ್ಞಾನ ಮಂದಿರದ ಎ.ಕೆ.ಎನ್. ರೆಡ್ಡಿ ಮತ್ತು ಅವರ ಸಂಗಡಿಗರು ಕುಣಿಗಲ್ ಕಡೆಯ ಪುರ ಎಂಬ ಹಳ್ಳಿಯನ್ನೂ ಬೆಂಗಳೂರು ನಗರವನ್ನೂ ಅಭ್ಯಾಸ ಮಾಡಿ ಒಂದು ಮುಖ್ಯವಾದ ಮಾತು ಹೇಳಿದರು. ಹಳ್ಳಿಯವರು ಉರಿಸುವುದು ಬಹುಮಟ್ಟಿಗೆ ಆಯ್ದು ತಂದ ಪುಳ್ಳೆ. ಲಾರಿಗಳಲ್ಲಿ ದಿಮ್ಮಿ ಬರುವುದು ನಗರಕ್ಕೆ. ಕಾಡು ಬೋಳಾದದ್ದಕ್ಕೆ ಹೊರೆ ಹೊರುವ ಹೆಂಗಸು ಕಾರಣವಲ್ಲ ಎಂದು ವಿಜ್ಞಾನವೇ ಹೇಳಿದ ಮೇಲೂ ತಪಾಸಣೆ ನಡೆದದ್ದು ಅವಳದ್ದೇ.

ಈ ತಪಾಸಣೆಯನ್ನು ನಾನು ಪುಸ್ತಕದಿಂದ ತಿಳಿದವನಲ್ಲ. ನಮ್ಮವ್ವ, ಚಿಕ್ಕವ್ವಂದಿರು ಹೊತ್ತಾರೆ ಎದ್ದು ಗುಂಪಾಗಿ ಬೆಟ್ಟಕ್ಕೆ ಹೋಗುತ್ತಿದ್ದರು. ದಾರಿಗೆ ಅಡ್ಡ ನಿಂತವನು ಕೇಳುತ್ತಿದ್ದದ್ದು ಒಂದೇ ಮಾತು: ‘ಪರ್ಮಿಟ್ ಐತೇನಮ್ಮೀ?’ ನಮ್ಮವ್ವ, ‘ಗಾಳಿಗೆ ಬಿದ್ದಿದ್ ಒಣಪುಳ್ಳೆ ಸೋಮಿ. ಬೀಳ್ಸೋವಾಗ ಗಾಳಿ ಯಾರ ಪರ್ಮಿಟ್ ಕೇಳಿತ್ತು?’ ಅನ್ನುವಳು. ನಗೆಯಾಡಿದರೆ ಆ ದಿನ ಬಚಾವು. ಇಲ್ಲದಿದ್ದರೆ ಮಚ್ಚು ಹೋಯಿತು. ಅಪರಾಧಕ್ಕೆ ಬಳಸಿದ ಆಯುಧವನ್ನು ಜಫ್ತಿ ಮಾಡಲು ಕಾಯಿದೆಯಲ್ಲಿ ಅಧಿಕಾರವಿದೆ. ಮಚ್ಚು ಹೋದರೆ ಅದು ಒಂದು ವಾರದ ಕೂಲಿ.

೧೯೭೯ರಲ್ಲಿ ನಮ್ಮಕ್ಕನ ಮದುವೆಗೆ ಒಂದು ಗಾಡಿ ಸೌದೆ ಬೇಕಾಯಿತು. ಕಳ್ಳತನ ಬೇಡ, ಸರಿಯಾಗಿ ಪರವಾನಗಿ ತಗೊಂಡೇ ತರೋಣ ಎಂದು ನಮ್ಮಪ್ಪ ಒಂದು ಕಚೇರಿಗೆ ಹೋದ. ಕಚೇರಿಯ ಹೆಸರು ಇಲ್ಲಿ ಬೇಡ, ಇದು ಒಂದೇ ಕಚೇರಿಯ ಕತೆಯಲ್ಲ. ಮೊದಲ ದಿನ ಅರ್ಜಿ ಬರೆಸಿಕೊಂಡು ಬಾ ಅಂದರು. ಎರಡನೆಯ ದಿನ ಈ ಊರಿನವನೆಂದು ಶ್ಯಾನುಭೋಗರಿಂದ ಕಾಗದ ತಾ ಅಂದರು. ಮೂರನೆಯ ದಿನ ‘ಪಹಣಿ ಎಲ್ಲಿ?’ ಅಂದರು. ಅಪ್ಪನ ಹೆಸರಿಗೆ ಪಹಣಿ ಇರಲಿಲ್ಲ. ಮೂರು ದಿನದ ಕೂಲಿ ಕಳೆದುಕೊಂಡು, ಕೊನೆಗೆ ಗೌಡರೊಬ್ಬರಲ್ಲಿ ಸಾಲ ತಂದು ಡಿಪೋದ ಸೌದೆ ಕೊಂಡ. ಆ ಸಾಲಕ್ಕೆ ನಮ್ಮಣ್ಣ ಒಂದು ವರ್ಷ ಅವರ ದನ ಕಾಯ್ದ. ಜೀತ ನಿಷೇಧದ ಕಾಯಿದೆ ಬಂದು ಆಗ ಮೂರು ವರ್ಷವಾಗಿತ್ತು.

ಅದೇ ವರ್ಷ ಊರಹಬ್ಬದ ಕೊಂಡಕ್ಕೆ ಅದೇ ಬೆಟ್ಟದಿಂದ ಸೌದೆ ಬಂತು. ಹೊತ್ತದ್ದು ನಮ್ಮಪ್ಪನೇ, ತೋಟಿ ಚಾಕರಿಯ ಲೆಕ್ಕದಲ್ಲಿ. ರಹದಾರಿ ಎಲ್ಲಿ ಎಂದು ಆಗ ಯಾರೂ ಕೇಳಲಿಲ್ಲ. ತೋಟಿ, ತಳವಾರಿ ಮೊದಲಾದ ಹಳ್ಳಿ ಹುದ್ದೆಗಳನ್ನು ರದ್ದು ಮಾಡುವ ಕಾಯಿದೆ ೧೯೬೧ರದು. ಚಾಕರಿ ಮಾತ್ರ ನಿಂತಿರಲಿಲ್ಲ. ಊರಿನ ದೇವರಿಗೆ, ಊರಿನ ಹೆಣಕ್ಕೆ, ಕ್ಯಾಂಪಿಗೆ ಬಂದ ಸಾಹೇಬರ ಅಡುಗೆಗೆ ಸೌದೆ ಹೊತ್ತ ತಲೆ ಕಳ್ಳನ ತಲೆಯಾಗುವುದು ತನ್ನ ಒಲೆಗೆ ಹೊತ್ತಾಗ ಮಾತ್ರ. ಪರವಾನಗಿ ಕೇಳುವುದು ಮರಕ್ಕಲ್ಲ, ಯಾರ ಒಲೆಗೆ ಎಂಬುದಕ್ಕೆ.

ನೀಲಗಿರಿಯ ವಿಷಯದಲ್ಲಿ ನನ್ನ ತಕರಾರು ಬೇರೆಯದು. ೧೯೮೦ರ ದಶಕದಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ ಸಾಮಾಜಿಕ ಅರಣ್ಯ ಬಂದಾಗ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರದ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. ೧೯೮೩ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತಸಂಘದವರು ನೀಲಗಿರಿ ಸಸಿ ಕಿತ್ತರು. ೧೯೮೭ರಲ್ಲಿ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಚಳವಳಿ ನಡೆಯಿತು. ಇವು ದೊಡ್ಡ ಹೋರಾಟಗಳು, ಅನುಮಾನವಿಲ್ಲ. ಆದರೆ ನೀಲಗಿರಿ ನೀರು ಕುಡಿಯಿತು ಎಂಬ ಮಾತು ನಡೆದಷ್ಟು, ಕಳೆ ಕೀಳುವ, ಕೊಯ್ಯುವ ಕೂಲಿಯನ್ನು ತಿಂದಿತು ಎಂಬ ಮಾತು ನಡೆಯಲಿಲ್ಲ. ಇನ್ನೊಂದು ನಿಜವೂ ಇದೆ. ಆ ತೋಪುಗಳ ಉದುರೆಲೆ, ಕಡ್ಡಿಯನ್ನು ಗುಡಿಸಿ ತಂದೇ ನಮ್ಮ ಹೆಂಗಸರು ಎಷ್ಟೋ ವರ್ಷ ಮುದ್ದೆ ಬೇಯಿಸಿದರು. ಕೂಲಿ ಕಸಿದ ಮರವೇ ಒಲೆಗೆ ಎಲೆ ಕೊಟ್ಟಿತು. ೨೦೧೭ರಲ್ಲಿ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿದಾಗ ಅಂತರ್ಜಲದ ಲೆಕ್ಕ ಬಂತು, ಈ ಒಲೆಯ ಲೆಕ್ಕ ಬರಲಿಲ್ಲ. ೧೯೭೬ರ ಮರ ಸಂರಕ್ಷಣಾ ಕಾಯಿದೆಯನ್ನೂ ಇದರ ಜೊತೆಗಿಟ್ಟು ಓದಬೇಕು. ಸ್ವಂತ ಜಮೀನಿನ ಮರ ಕಡಿಯಲೂ ಅದು ಅನುಮತಿ ಬೇಕೆನ್ನುತ್ತದೆ, ಆದರೆ ನೀಲಗಿರಿ, ಸರ್ವೆಯಂಥ ಮರಗಳಿಗೆ ವಿನಾಯಿತಿ ಕೊಡುತ್ತದೆ. ಅಂದರೆ ಎಕರೆಗಟ್ಟಲೆ ನೀಲಗಿರಿ ಕಡಿಯಲು ಜಮೀನ್ದಾರನಿಗೆ ಅಪ್ಪಣೆ ಬೇಡ, ಬೆಟ್ಟದ ಒಂದು ಹೊರೆಗೆ ಕೂಲಿಯವಳಿಗೆ ಬೇಕು.

ಕಾಗದದ ಮೇಲೆ ಒಳ್ಳೆಯ ಮಾತುಗಳು ಬಂದಿಲ್ಲವೇ? ಬಂದಿವೆ. ೧೯೮೮ರ ರಾಷ್ಟ್ರೀಯ ಅರಣ್ಯ ನೀತಿ, ಕಾಡಂಚಿನ ಬಡವರ ಸೌದೆ ಮೇವಿನ ಅಗತ್ಯಕ್ಕೆ ಕಾಡಿನ ಉತ್ಪನ್ನದ ಮೇಲೆ ಮೊದಲ ಪಾಲು ಎಂದಿತು. ೧೯೯೩ರಲ್ಲಿ ಕರ್ನಾಟಕದಲ್ಲಿ ಗ್ರಾಮ ಅರಣ್ಯ ಸಮಿತಿಗಳ ಆದೇಶ ಬಂತು. ೨೦೦೬ರ ಅರಣ್ಯ ಹಕ್ಕು ಕಾಯಿದೆ ಹಳೆಯ ಅನ್ಯಾಯವನ್ನು ಅನ್ಯಾಯವೆಂದೇ ಕರೆಯಿತು. ಆದರೆ ಪರಿಶಿಷ್ಟ ಪಂಗಡವಲ್ಲದವರು ಮೂರು ತಲೆಮಾರು, ಅಂದರೆ ಎಪ್ಪತ್ತೈದು ವರ್ಷ ಅಲ್ಲಿದ್ದೆವೆಂದು ತೋರಿಸಬೇಕು. ಚಾವಡಿ ಹತ್ತದವರ ಎಪ್ಪತ್ತೈದು ವರ್ಷ ಯಾವ ಪುಸ್ತಕದಲ್ಲಿ ದಾಖಲಾಗಿದೆ? ೨೦೧೬ರಲ್ಲಿ ಉಜ್ವಲ ಯೋಜನೆ ಬಂತು, ಗ್ಯಾಸು ಬಂತು. ಹೊಗೆ ಕುಡಿದ ಅವ್ವಂದಿರ ಕಣ್ಣಿಗೆ ಅದು ನಿಜವಾದ ಬಿಡುಗಡೆ, ಅದನ್ನು ಲೇವಡಿ ಮಾಡುವ ಪರಿಸರವಾದ ನನಗೆ ಬೇಡ. ೨೦೨೨ರಲ್ಲಿ ಸಿಲಿಂಡರಿನ ಬೆಲೆ ಸಾವಿರ ರೂಪಾಯಿ ದಾಟಿದಾಗ ಮತ್ತೆ ಸಿಂಬೆ ಸುತ್ತಿದ ತಲೆಗಳನ್ನೂ ನೋಡಿದ್ದೇನೆ.

ನಮ್ಮ ಸಾಹಿತ್ಯ ವಿಮರ್ಶೆಗೆ ಇದರಿಂದ ಏನು? ಕನ್ನಡ ಕಾದಂಬರಿಯ ಕಾಡನ್ನು ನಾವು ಸೌಂದರ್ಯವಾಗಿ, ನಿಗೂಢವಾಗಿ, ಸಂಕೇತವಾಗಿ ಓದಿದ್ದೇವೆ. ೧೯೬೭ರಲ್ಲಿ ಬಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಗುತ್ತಿ ಹೊಲೆಯ, ಜೀತದವನು. ಒಡೆಯರ ಕಾಗದ ಹೊತ್ತು ಕಾಡುದಾರಿ ನಡೆಯುತ್ತಾನೆ. ಅವನ ನಾಯಿಯ ಬಗ್ಗೆ, ಮಳೆಯ ಬಗ್ಗೆ, ಮಲೆಯ ಬಗ್ಗೆ ಬೇಕಾದಷ್ಟು ಬರೆದಿದ್ದೇವೆ. ಅವನ ಕೈಯಲ್ಲಿರುವ ಆ ಕಾಗದದ ಬಗ್ಗೆ ಬರೆದದ್ದು ಕಡಿಮೆ. ತನ್ನದಲ್ಲದ ಕಾಡಿನಲ್ಲಿ ತನ್ನದಲ್ಲದ ಅಕ್ಷರವನ್ನು ಹೊತ್ತು ನಡೆಯುವುದು ಏನೆಂದು ರಹದಾರಿ ಹಿಡಿದು ನಿಂತ ನಮ್ಮ ಹಿರಿಯರಿಗೆ ಗೊತ್ತಿತ್ತು. ಆ ತಿಳಿವಿನಿಂದ ಕಾದಂಬರಿಯನ್ನು ಮತ್ತೆ ಓದುವುದು ವಿಮರ್ಶೆಯ ಕೆಲಸ.

ಕಡತಗಳಲ್ಲಿ ಸಿಗದ ಚರಿತ್ರೆ ಕೇರಿಗಳಲ್ಲಿದೆ. ೨೦೦೮ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಈ ಸೀಮೆಯ ನೆಲದ ಬೆಲೆ ಏರಿ, ಗೋಮಾಳ ತೋಪುಗಳ ಗುರುತೂ ಅಳಿಯುತ್ತಿದೆ. ಹೊರೆ ಹೊತ್ತ ಅಜ್ಜಿಯರು ಇನ್ನೂ ಕೆಲವರಿದ್ದಾರೆ. ಯಾವ ಬೆಟ್ಟಕ್ಕೆ ಹೋಗುತ್ತಿದ್ದಿರಿ, ಯಾರು ತಡೆದರು, ಏನು ಕಿತ್ತುಕೊಂಡರು, ಊರಿಗಾಗಿ ಎಷ್ಟು ಹೊತ್ತಿರಿ, ಮನೆಗೆ ಎಷ್ಟು ತಂದಿರಿ ಎಂದು ಕೇಳಿ ಬರೆದುಕೊಳ್ಳುವ ಹುಡುಗ ಹುಡುಗಿಯರು ಬೇಕು. ಅವರ ಮಾತನ್ನು ೧೯೦೦ರ ರೆಗ್ಯುಲೇಷನ್ನಿನ ಪಕ್ಕದಲ್ಲಿಟ್ಟು ಅಚ್ಚು ಮಾಡಬೇಕು. ಎಪ್ಪತ್ತೈದು ವರ್ಷದ ಪುರಾವೆ ಕೇಳುವವರ ಮೇಜಿನ ಮೇಲೆ ಇಡಲು ನಮ್ಮ ಕೈಯಲ್ಲಿ ಆಗ ಏನಾದರೂ ಇರುತ್ತದೆ.